ಮಾವನ ಬೀದಿಗೆ ಹೊಸ ಸೈಲೆನ್ಸರ್

ಕೊಳ್ಳೇಗಾಲ
ಭಾನುವಾರ

ಪ್ರೀತಿಯ ಇಂಚರಾ,

ನಮ್ಮ ಸ್ಪೋರ್ಟ್ಸ್ ಕಾರಿಗೆ ಹಾಕಿಸಿದ ಸೈಲೆನ್ಸರ್ ನಲವತ್ತೆರಡು ಸಾವಿರ, ಇಂಜಿನ್‌ಗೆ ಹೆಚ್ಚು ಗಾಳಿ ಎಳೆಯುವ ಫಿಲ್ಟರ್ ಹದಿನೆಂಟು, ಮೆಕ್ಯಾನಿಕ್ ಕೂಲಿ ಐದು. ಒಟ್ಟು ಅರವತ್ತೈದು ಸಾವಿರ. ಕಾರಣ ಫೋನಿನಲ್ಲಿ ಹೇಳಲು ನಾಚಿಕೆ, ಅದಕ್ಕೇ ಕಾಗದ.

"ಯಳಂದೂರು ಭಾವನ ಕಾರು ಬಂದ್ರೆ ಬೀದಿಗೆಲ್ಲ ಗೊತ್ತಾಯ್ತದೆ" ಅಂತ ಯುಗಾದಿಯಲ್ಲಿ ಕಣ್ಣರಳಿಸಿ ಹೇಳಿದೆಯಲ್ಲ, ಅದೇ ಕಾರಣ. ನಿನ್ನ ಅಕ್ಕನ ಗಂಡ ಹರ್ಷವರ್ಧನನ ಕಾರಿಗಿಂತ ನನ್ನದು ಜೋರಾಗಿ ಗುಡುಗಬೇಕಿತ್ತು.

ಮೊನ್ನೆ ನಿನ್ನನ್ನು ಕರೆತರಲು ಮಧುವನಹಳ್ಳಿಗೆ ಗುಡುಗುತ್ತಲೇ ಬಂದೆ. ಬೀದಿ ತುದಿಗೇ ನಿಮ್ಮಪ್ಪ ಎರಡೂ ಕೈ ಎತ್ತಿ ಓಡಿ ಬಂದರು.

"ಆಫ್ ಮಾಡಿ ಅಳಿಯಂದ್ರೇ! ಉಳ ಜ್ವರಕ್ಕೆ ಕೂತವೆ, ಸದ್ದಾಗ್ಬಾರ್ದು ಕಣ್ರಿ!"

ರೇಷ್ಮೆಹುಳು ಪೊರೆ ಬಿಡುವ ದಿನ ಮನೆಯವರು ಪಿಸುಗುಡುತ್ತಾರೆಂಬುದು ರೇಷ್ಮೆ ಸೀರೆ ಮಾರುವ ನನಗೇ ಹೊಳೆಯಲಿಲ್ಲ. ಹರ್ಷ ಕೇಳಿ ತಿಳಿದುಕೊಂಡು ಬಸ್ಸಿನಲ್ಲಿ ಬಂದಿದ್ದ. ಜಗುಲಿಯಲ್ಲಿ ಕೂತು, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ರಿಪೇರಿ ಮಾಡುತ್ತಿದ್ದ. ಅವನಿಗೆ ಕಾಫಿ ಕೊಡುತ್ತಿದ್ದ ನೀನು ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. "ಗೂಡು ಕಟ್ಟೋಗಂಟ ನಾ ಬರಕಿಲ್ಲ, ನೀವು ಓಗಿ" ಅಂದೆ. ಕಾರನ್ನು ರಸ್ತೆಯವರೆಗೂ ನಾನೇ ತಳ್ಳಿದೆ.

ಹಳೆಯ ಸೈಲೆನ್ಸರ್ ಮತ್ತೆ ಹಾಕಿಸುತ್ತೇನೆ. ಗೂಡು ಬಿಡಿಸುವ ದಿನ ತಿಳಿಸು, ಕೆಲಸಕ್ಕೆ ನಾನೂ ಬರುತ್ತೇನೆ. ಅಲ್ಲಿಯವರೆಗೆ ಹರ್ಷನಿಗೆ ಕಾಫಿ ನಿನ್ನ ಅಕ್ಕನೇ ಕೊಡಲಿ.

ಮೆಕ್ಯಾನಿಕ್‌ಗೆ ನನ್ನ ದುಡ್ಡು ಸಿಕ್ಕಿತು. ಮಾವನಿಗೆ ಕೆಲಸಕ್ಕೆ ಬರುವ ಅಳಿಯ ಸಿಕ್ಕಿದ. ಹರ್ಷನಿಗೆ ನಿನ್ನ ಮೆಚ್ಚುಗೆ ಸಿಕ್ಕಿತು. ನನಗೆ ಸಿಕ್ಕಿದ್ದು ಊರಿಗೆಲ್ಲ ಕೇಳಿಸುವ ಕಾರು, ಪಕ್ಕದಲ್ಲಿ ಖಾಲಿ ಸೀಟು.

ನಿನ್ನ
ಪ್ರಭುಸ್ವಾಮಿ