ಮಣ್ಣಿನೊಳಗಿನ ಚೀಟಿ

ಮೇ 19, ಭಾನುವಾರ

ನನ್ನ ಚಿಟ್ಟಿಗೆ,

ನೀನು, ಅಳಿಯಂದಿರು, ಪಾಪು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪಾಪುವಿನ ಜ್ವರ ಬಿಟ್ಟಿತೇ? ಎಂಟು ದಿನದಿಂದ ನಿನ್ನ ಫೋನು ಎತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾನು ಒಂದು ಹೇಳಲು ಹೋಗಿ ಇನ್ನೊಂದು ಹೇಳುವವಳು. ಕಾಗದದಲ್ಲಾದರೆ ತಪ್ಪಿದ್ದನ್ನು ಹೊಡೆದುಹಾಕಬಹುದು.

ಹನ್ನೊಂದನೇ ತಾರೀಕು, ಶನಿವಾರ, ಹೂವಿನ ಪ್ರದರ್ಶನಕ್ಕೆ ಹೋಗಿದ್ದೆ. ಈ ಸಲ ನೀನು ಬರಲಾಗದು ಎಂದಿದ್ದರಿಂದ ಕನ್ನಡಕದಕ್ಕನನ್ನು ಹೊರಡಿಸಿದೆ. ಮೂವತ್ತು ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ ಒಟ್ಟಿಗೆ ನಿಂತವರಲ್ಲವೇ, ನಾನು ಕರೆದರೆ ಎಲ್ಲಿಗೆ ಎಂದು ಕೇಳದೆ ಚಪ್ಪಲಿ ಮೆಟ್ಟುತ್ತಾಳೆ. ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದೆವು. ಒಳಗೆ ಹೋದದ್ದೇ ತಡ, ಅಕ್ಕ ಕಂಡವರ ಗುಲಾಬಿಯ ಒಣಗಿದ ಎಲೆ ಕೀಳಲು ಶುರುಮಾಡಿದಳು. ಕಾವಲಿನವನು ಗದರಿದರೆ, "ನಿಮ್ಮ ಗಿಡಕ್ಕೇ ಒಳ್ಳೇದು ಮಾಡ್ತಿದೀನಿ ಕಣಪ್ಪ" ಎಂದು ಅವನಿಗೇ ಎಲೆ ಕೊಟ್ಟಳು. ನಗು ತಡೆಯಲಾಗಲಿಲ್ಲ. ಜನವರಿಯಿಂದ ಈಚೆಗೆ ನಾನು ನಕ್ಕಿದ್ದು ಅವತ್ತೇ ಇರಬೇಕು.

ಜನವರಿಯ ಸಂಕಟ ನಿನಗೆ ಗೊತ್ತಿದ್ದದ್ದೇ. ತಾರಸಿಯ ಟ್ಯಾಂಕ್ ಒಡೆದು ನೀರೆಲ್ಲ ಉಗ್ರಾಣಕ್ಕೆ ಇಳಿದು, ಒಣ ಮರಳಿನಲ್ಲಿ ಮಲಗಿಸಿದ್ದ ನನ್ನ ಡೇಲಿಯಾ ಗೆಡ್ಡೆಗಳು ಒಂದೂ ಉಳಿಯದೆ ಕೊಳೆತವು. ಬೇರೆಯವು ಹೋದರೆ ಹೋಗಲಿ, ಅಂಗಡಿಯಲ್ಲಿ ಸಿಗುತ್ತವೆ. ನಿನ್ನ ಹೆಸರಿನದು ಎಲ್ಲಿ ಸಿಗಬೇಕು? ಬೀಜದಿಂದ ಎಬ್ಬಿಸಿ, ಒಂಬತ್ತು ಬೇಸಿಗೆ ಆರಿಸಿ ಆರಿಸಿ ಉಳಿಸಿಕೊಂಡ ಗಿಡ ಅದು. ಕಪ್ಪುಗೆಂಪು ಎಸಳು, ಅಂಚಿಗೆ ಹಾಲುಬಿಳುಪು, ಹೂವಿನ ಕತ್ತು ಮಾತ್ರ ಒಂದಿಷ್ಟು ಎಡಕ್ಕೆ ವಾಲು. ನೀನು ಚಿಕ್ಕವಳಿದ್ದಾಗ ಕತೆ ಕೇಳುತ್ತ ಹಾಗೇ ಕತ್ತು ವಾಲಿಸುತ್ತಿದ್ದೆ, ಅದಕ್ಕೇ 'ಚಿಟ್ಟಿ' ಎಂದು ಹೆಸರಿಟ್ಟೆ. "ಕತ್ತು ಸೊಟ್ಟಗಿರೋ ಹೂವಿಗೆ ಬಹುಮಾನ ಯಾರು ಕೊಡ್ತಾರೆ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡುವುದು! ಮೂರು ಬೇಸಿಗೆ ಬಣ್ಣ ಬದಲಾಗದಿದ್ದರೆ ಮಾತ್ರ ಪ್ರದರ್ಶನಕ್ಕೆ ಇಡಬೇಕು ಎಂಬುದು ನನ್ನ ಹಟ. ಹೋದ ವರ್ಷಕ್ಕೆ ಮೂರು ತುಂಬಿತ್ತು.

ಆ ಗೆಡ್ಡೆ ನಾನು ಕೊಟ್ಟದ್ದು ನಿನಗೊಬ್ಬಳಿಗೇ. ಎರಡು ವರ್ಷದ ಹಿಂದೆ ನಿನ್ನ ಹೊಸ ಮನೆಯ ಬಾಲ್ಕನಿಗೆಂದು ಕೊಡುವಾಗ, ರೂಢಿಯಂತೆ ಎರಡು ಚೀಟಿಯನ್ನೂ ಕೊಟ್ಟಿದ್ದೆ. ನೆನಪಿದೆಯಲ್ಲ? ಖಾಲಿ ಮುಲಾಮಿನ ಟ್ಯೂಬ್ ಸೀಳಿ, ಚಪ್ಪಟೆ ಮಾಡಿ, ಮೊಳೆಯಿಂದ ಹೆಸರು ಕೊರೆದ ತಗಡಿನ ಚೀಟಿ. ಒಂದು ಮೇಲೆ ಕಡ್ಡಿಗೆ, ಇನ್ನೊಂದು ಕುಂಡದ ಅಂಚಿನಲ್ಲಿ ಮಣ್ಣಿನೊಳಗೆ. ಮೇಲಿನದನ್ನು ಗಾಳಿ ಹಾರಿಸಬಹುದು, ಮಕ್ಕಳು ಕೀಳಬಹುದು. ಮೇಲಿನದು ಊರಿಗೆ, ಒಳಗಿನದು ನಮಗೆ ಎಂದು ನಿನಗೆ ಐದು ವರ್ಷವಿದ್ದಾಗಲೇ ಕಲಿಸಿದ್ದೆ.

ಇಲ್ಲಿ ಎಲ್ಲ ಕೊಳೆತ ದಿನ ನಿನಗೇ ಮೊದಲು ಫೋನು ಮಾಡಿದೆ, ಮೊಳಕೆಯ ಕಣ್ಣಿರುವ ಒಂದೇ ಒಂದು ತುಂಡು ಸಿಕ್ಕರೂ ಸಾಕು ಎಂದು. "ಅಮ್ಮಾ, ನಂದೂ ಕೊಳೆತುಹೋಯ್ತಮ್ಮ, ಹೇಳಕ್ಕೆ ಧೈರ್ಯ ಬರ್ಲಿಲ್ಲ" ಎಂದು ನೀನು ಅತ್ತುಬಿಟ್ಟೆ. ನಾನೇ ಸಮಾಧಾನ ಮಾಡಿದೆ. ಹೂವು ಹೋದರೇನು, ಹೆಸರಿನವಳು ಇದ್ದಾಳಲ್ಲ ಎಂದೆ.

ಈಗ ಪ್ರದರ್ಶನಕ್ಕೆ ಬರುತ್ತೇನೆ. ಹೊಸ ತಳಿಗಳ ಮೇಜಿನ ಹತ್ತಿರ ಅಕ್ಕ ಗಕ್ಕನೆ ನಿಂತು ನನ್ನ ಕೈ ಹಿಂಡಿದಳು. ನೋಡಿದರೆ, ಕತ್ತು ಎಡಕ್ಕೆ ವಾಲಿಸಿಕೊಂಡು ಕೂತಿದೆ! ಒಂದೇ ಕುಂಡದಲ್ಲಿ ಆರು ಹೂವು, ಆರೂ ಎಡಕ್ಕೆ. ಚಿಟ್ಟಿ, ನಿಜ ಹೇಳುತ್ತೇನೆ, ಮೊದಲು ಬಂದದ್ದು ಖುಷಿಯೇ. ಸತ್ತಿತು ಎಂದು ಅತ್ತಿದ್ದು ಎದುರಿಗೆ ನಿಂತಿರುವಾಗ, ಇಲ್ಲಿಗೆ ಹೇಗೆ ಬಂತೆಂದು ಯಾರಿಗೆ ಹೊಳೆಯುತ್ತದೆ? ಕಣ್ಣೊರೆಸಿಕೊಂಡ ಮೇಲೆ ಫಲಕ ಕಂಡಿತು. ಹೊಸ ತಳಿ, ಮೊದಲ ಬಹುಮಾನ. ಬೆಳೆಸಿದವರು ನಿನ್ನ ಅತ್ತೆ. ಹೂವಿಗೂ ಅವರದೇ ಹೆಸರು.

ಬೀಗಿತ್ತಿ ಪಕ್ಕದಲ್ಲೇ ಕಪ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು, "ಓಹೋ, ನೀವೂ ಬಂದ್ರಾ! ನೋಡಿ, ಹೇಗಿದೆ ನಮ್ಮನೆ ಹೂವು?" ಎಂದರು. ಎಷ್ಟು ವರ್ಷ ಹಿಡಿಯಿತು ಎಂದು ಕೇಳಿದೆ. "ಅಯ್ಯೋ, ವರ್ಷ ಏನು ಬಂತು, ತಾನಾಗೇ ಬಂತು" ಎಂದರು. ನನ್ನ ಒಂಬತ್ತು ವರ್ಷ ತಾನಾಗೇ ಬಂತಂತೆ! ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಅವರು ಯಾರನ್ನೋ ಮಾತಾಡಿಸಲು ಆಚೆ ಹೋದರು.

ಅಕ್ಕ ಕೆಂಡವಾಗಿದ್ದಳು. "ನಿನ್ ಮಗಳ ಬಾಲ್ಕನಿಯಿಂದ ಎತ್ಕೊಂಡು ಹೋಗಿದಾರೆ ಕಣೇ, ಪಾಪ ಆ ಹುಡುಗಿ ಕೊಳೀತು ಅಂದ್ಕೊಂಡಿದೆ. ನಡಿ, ಕಾರ್ಯದರ್ಶಿ ಹತ್ರ ಹೋಗೋಣ, ಹತ್ತು ಜನರ ಮುಂದೆ ಕಪ್ ವಾಪಸ್ ಇಡಿಸೋಣ" ಎಂದು ಸೆರಗು ಬಿಗಿದಳು. ನಾನು ಹೋಗಲಿಲ್ಲ. ಅವಳ ಕೈ ಹಿಡಿದು ಹೊರಗೆ ಕರೆತಂದೆ. ದಾರಿಯುದ್ದಕ್ಕೂ ಬೈದಳು, ಮೂರು ದಿನ ಮಾತು ಬಿಟ್ಟಳು, ನಾಲ್ಕನೆಯ ದಿನ ಸಕ್ಕರೆ ಮುಗಿದಿದೆ ಎಂದು ಬಂದಳು.

ಈ ಮಾತನ್ನು ನಿನ್ನ ಅತ್ತೆಯ ಬಳಿ ಎತ್ತಬೇಡ. ನೀನು ಆ ಮನೆಯಲ್ಲಿ ಬಾಳಬೇಕು. ಏನು ಮಾಡಿದರೂ ಮೆಚ್ಚದವರ ಜೊತೆ ದಿನ ತಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಪಾಪುವಿಗೆ ಮುತ್ತು ಕೊಡು. ನೂರು ಕಾಲ ಸುಖವಾಗಿರು, ಮಗಳೇ.

ನಿನ್ನ,
ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಕಾರ್ಯದರ್ಶಿಗೆ ಸಾಕ್ಷಿ ತೋರಿಸಬೇಕಲ್ಲ ಎಂದು ನಾನು ಆ ಕುಂಡದ ಅಂಚಿಗೆ ಬೆರಳು ಹಾಕಿದ್ದೆ. ಚೀಟಿ ಅಲ್ಲೇ ಇತ್ತು, ನಾನು ಕೊಟ್ಟದ್ದೇ. ನಾನು ಕೊರೆದ 'ಚಿಟ್ಟಿ'ಯ ಮೇಲೆ ಅಡ್ಡಗೆರೆ, ಅದರ ಕೆಳಗೆ ನಿನ್ನ ಅಕ್ಷರದಲ್ಲಿ ನಿನ್ನ ಅತ್ತೆಯ ಹೆಸರು, ನೆಟ್ಟ ತಾರೀಕು ಫೆಬ್ರವರಿ ಆರು. ನೀನು ಫೋನಿನಲ್ಲಿ ಅತ್ತು ಆಗಲೇ ಎರಡು ವಾರವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಲಿ? ಏನೂ ಸಿಗಲಿಲ್ಲ ಎಂದು ಅಕ್ಕನಿಗೆ ಸುಳ್ಳು ಹೇಳಿ ಅದನ್ನು ಅಲ್ಲೇ ಹುಗಿದೆ. ಕೇಳಿದ್ದರೆ ಹೂವನ್ನು ನಾನೇ ಅವರಿಗೆ ಕೊಟ್ಟುಬಿಡುತ್ತಿದ್ದೆ ಕಣೇ. ಹುಗಿಯುವ ಮುಂಚೆ, ನಿನ್ನ ಹೆಸರನ್ನು ನೀನೇ ಹೊಡೆದುಹಾಕುವಾಗ ನಿನ್ನ ಕೈ ಒಂದಿಷ್ಟಾದರೂ ನಡುಗಿತ್ತೇ ಎಂದು ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನೀನು ಸ್ಕೇಲ್ ಇಟ್ಟು ಎಳೆದಿದ್ದೆ.