ನೀರಗಳ್ಳ ಎಂಬ ಅಡ್ಡಹೆಸರಿನ ವಿಷಯ

ಸದ್ದಡಗಿದ ವರ್ಷ 162, ಎರಡನೇ ಬೆಂಡೆಕೊಯ್ಲಿನ ನಾಲ್ಕನೇ ದಿನ
ಆನಿಮಡುವಿನ ದಂಡೆ

ಮಾನ್ಯ ದುಂಡವ್ವ ಆಯಿಯವರಿಗೆ,

ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಈ ಹಳ್ಳದ ದಂಡೆಯಲ್ಲಿ ಮೊದಲ ಡೀಸೆಲ್ ಎಂಜಿನ್ನು ಬಾಯಿ ಮುಚ್ಚಿದ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ಆ ಎಂಜಿನ್ನು ನಿಮ್ಮದೇ. ಅದನ್ನು ತೆಗೆದು ಕರೆಂಟಿನ ಮೋಟರ್ ಕೂಡಿಸಬೇಕೆಂದು ನೀವು ಈ ವಾರ ಯೋಚಿಸುತ್ತಿದ್ದೀರಿ ಎಂಬ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳಲ್ಲಿ ಓದಿ ಕಲಿತವನು.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೆಲವರು ಹಳೆಯ ಪ್ರೀತಿಗೆ. ನಾನು ನಿಮಗೆ ಬರೆಯುತ್ತೇನೆಂದಾಗ ನನ್ನ ಹೆಂಡತಿ ಚಂಪಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇರೂದ ಒಂದ ಓಲಿ, ಅದನ್ನೂ ಒಯ್ದು ಯಾರದೋ ಬದನಿಕಾಯಿ ಹೊಲಕ್ಕ ಹಾಕ್ತೀರಿ? ನಿಮ್ಮ ತಲಿ ನೆಟ್ಟಗೈತೋ ಇಲ್ಲೋ?” ಎಂದಳು. ತಲೆ ನೆಟ್ಟಗಿದೆ. ಕಾರಣ ಕೆಳಗೆ ಬರೆದಿದ್ದೇನೆ.

ನಿಮ್ಮನ್ನು ಆಯಿ ಎಂದೆನಾದರೂ ನಾನು ನಿಮ್ಮ ವಂಶದವನಲ್ಲ. ನಿಮ್ಮ ಬದುವಿನಾಚೆ ಹೊಲ ಮಾಡುವ ಅಪ್ಪಾಸಾಬ ಕೊತ್ತಂಬರಿ ಇದ್ದಾನಲ್ಲ, ಅವನ ಆರನೇ ತಲೆಮಾರು. ನಮಗೆ ಅವನು ಮುತ್ತ್ಯಾ, ಅಂದರೆ ಹಿರಿಯಜ್ಜ. ಆದರೆ ನಮ್ಮ ಅಡ್ಡಹೆಸರು ಈಗ ಕೊತ್ತಂಬರಿ ಅಲ್ಲ. ಶಾಲೆಯ ಹಾಜರಿ, ಹೊಲದ ಉತಾರ, ಮದುವೆಯ ಕರೆಯೋಲೆ, ಎಲ್ಲದರಲ್ಲೂ ನಾವು ನೀರಗಳ್ಳರು. ನಾನು ಭರಮಪ್ಪ ನೀರಗಳ್ಳ. ನಮ್ಮ ಕಡೆ ಅಡ್ಡಹೆಸರು ಹೇಗೆ ಅಂಟುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಯಾರೋ ಒಮ್ಮೆ ಅನ್ನುತ್ತಾರೆ, ಹತ್ತು ಜನ ನಗುತ್ತಾರೆ, ಮುಂದಿನ ವರ್ಷ ಮಾಸ್ತರರು ಅದನ್ನೇ ಬರೆದುಕೊಳ್ಳುತ್ತಾರೆ. ಆ ಮಾತನ್ನು ಮೊದಲು ಅಂದವರು ನೀವು.

ಸಿಟ್ಟಾಗಬೇಡಿ. ನಿಮ್ಮ ಪಾಲಿಗೆ ಅದಿನ್ನೂ ಆಗಿಲ್ಲ.

ಮೊದಲು ನಮ್ಮ ಕಾಲದ ಸಂಗತಿ ಒಂದಿಷ್ಟು ಹೇಳುತ್ತೇನೆ. ಹೊಲದ ಬದುವಿನ ಮೇಲೆ ಬಿಸಿಲುಹಾಸು ಎಂಬ ಕಪ್ಪು ಚಾಪೆ ಹಾಸಿರುತ್ತೇವೆ. ಬಿಸಿಲು ಕುಡಿದು ಅದೇ ಮೋಟರ್ ಓಡಿಸುತ್ತದೆ. ಡೀಸೆಲ್ಲನ್ನು ನಾವ್ಯಾರೂ ಸುರಿದವರಲ್ಲ. ಶಾಲೆಯಲ್ಲಿ ಒಂದು ಸಣ್ಣ ಸೀಸೆಯಿದೆ, ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಮಕ್ಕಳಿಗೆ ಮೂಸಿಸುತ್ತಾರೆ. ಮಕ್ಕಳು ಥೂ ಥೂ ಎಂದು ಓಡುತ್ತಾರೆ. ಆದರೂ ಪ್ರತಿ ಮೋಟರಿಗೆ ಮೊಳಗು ಎಂಬ ಡಬ್ಬಿ ಕಟ್ಟಲೇಬೇಕೆಂದು ಕಾಯ್ದೆಯಿದೆ. ಮೋಟರ್ ಓಡುವಷ್ಟು ಹೊತ್ತು ಅದು ನಿಮ್ಮ ಕಾಲದ ಎಂಜಿನ್ನಿನ ಹಾಗೆ ಧಗ್ ಧಗ್ ಧಗ್ ಎಂದು ಕೂಗುತ್ತಿರಬೇಕು. ಹನ್ನೊಂದು ಹೊಲಕ್ಕೆ ಹನ್ನೊಂದು ಬಗೆಯ ಧಗಧಗ. ನಮ್ಮ ಮಕ್ಕಳು ಅದು ನೀರಿನದೇ ಸದ್ದು ಎಂದುಕೊಂಡಿದ್ದಾರೆ. ನಾವೂ ತಿದ್ದಲು ಹೋಗಿಲ್ಲ. ಮೊಳಗನ್ನು ಕೇಳಿ ಯಾರ ನೀರಿನ ಪಾಳಿ ಮುಗಿಯಿತು, ಯಾರದು ಹತ್ತಿತು ಎಂದು ನೋಡಿಕೊಳ್ಳಲು ಒಬ್ಬರನ್ನು ನೇಮಿಸುತ್ತಾರೆ. ಎಲ್ಲರೂ ನೀರೆತ್ತುವ ಮಡುವಿನ ಕೀಲಿ ಅವರ ಕೈಯಲ್ಲಿ. ಊರಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಹಳ್ಳದಲ್ಲಿ ಪಾಳಿ ಬರೆದಿಟ್ಟ ಕಾಗದವಿಲ್ಲ, ಗಡಿಯಾರ ನೋಡುವವರಿಲ್ಲ. ಮೇಲಿನವರ ಎಂಜಿನ್ನು ನಿಂತಿತೆಂದರೆ ಕೆಳಗಿನವರು ಹ್ಯಾಂಡಲ್ ಹೊಡೆಯಬೇಕು. ಕಿವಿಯೇ ಪಂಚಾಯ್ತಿ. ನಿಮ್ಮ ಎಂಜಿನ್ನಿನ ಹ್ಯಾಂಡಲ್ ಒಮ್ಮೆ ತಿರುಗಿ ಬಡಿದು ನಿಮ್ಮ ಮಣಿಕಟ್ಟು ಮುರಿದ ಮೇಲೆ, ಹನ್ನೊಂದು ವರ್ಷದಿಂದ ಅಪ್ಪಾಸಾಬ ಮುತ್ತ್ಯಾ ಬದು ದಾಟಿ ಬಂದು ಹ್ಯಾಂಡಲ್ ಹೊಡೆದು, ನಿಮ್ಮ ಕೈಯ ಚಹಾ ಕುಡಿದು ಹೋಗುತ್ತಿದ್ದಾನೆ. ಅವನಿಗೆ ದಿನಾ ತೊಂದರೆ ಕೊಡಬಾರದೆಂದೇ ನೀವು ಕರೆಂಟಿಗೆ ಮನಸ್ಸು ಮಾಡಿದಿರಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಮೋಟರ್ ಕೂಡಿಸಬೇಡಿ ಎಂದು ನಾನು ಬರೆಯುತ್ತಿಲ್ಲ. ಧಾರಾಳವಾಗಿ ಕೂಡಿಸಿ. ಕೊತ್ತಂಬರಿ ಸಿವುಡಿಗೆ ಡೀಸೆಲ್ ವಾಸನೆ ಹತ್ತುವುದಾದರೂ ತಪ್ಪುತ್ತದೆ.

ಮೊದಲ ಎಂಟು ದಿನ ಏನೂ ಆಗುವುದಿಲ್ಲ. ನೀವು ಹೊಸ ಸಡಗರಕ್ಕೆ ಮೋಟರಿನ ಪಕ್ಕದಲ್ಲೇ ನಿಂತಿರುತ್ತೀರಿ, ಮುತ್ತ್ಯಾ ದೂರದಿಂದ ಗಿಡಗಳ ಸಂದಿಯಲ್ಲಿ ನಿಮ್ಮ ಸೀರೆ ನೋಡಿ ಪಾಳಿ ನಡೆದಿದೆ ಎಂದು ತಿಳಿಯುತ್ತಾನೆ. ಒಂಬತ್ತನೇ ದಿನ ಸಂತೆ. ನೀವು ಗುಂಡಿ ಒತ್ತಿ, ತಾನೇ ಓಡುತ್ತದೆ ಬಿಡು ಎಂದು ಬದನೆಯ ಬುಟ್ಟಿಗಳೊಡನೆ ಟೆಂಪೋ ಹತ್ತುತ್ತೀರಿ. ಮೋಟರಿನ ಗುಂಯ್ ಎನ್ನುವ ಸದ್ದು ಇಪ್ಪತ್ತು ಹೆಜ್ಜೆಯ ಆಚೆ ಕೇಳುವುದಿಲ್ಲ. ಮುತ್ತ್ಯಾನ ಎಂಜಿನ್ನು ಹಳ್ಳದ ತಿರುವಿನಲ್ಲಿ, ಜಾಲಿಗಿಡಗಳ ಹಿಂದೆ. ಮೇಲಿನವರ ಎಂಜಿನ್ನು ನಿಂತದ್ದನ್ನು ಅವನು ಕೇಳುತ್ತಾನೆ. ನಿಮ್ಮ ಸೀರೆ ಕಾಣದೆ, ನಿಮ್ಮ ಮೋಟರಿಗೆ ಕಿವಿಗೊಟ್ಟು ಕೂರುತ್ತಾನೆ. ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂತಿದ್ದನಂತೆ. “ದುಂಡಕ್ಕ ಸಂತಿಗ ಹೋಗ್ಯಾಳ, ಇವತ್ತ ನೀರ ಬ್ಯಾಡಾಗೇತಿ ಕಾಣತೈತಿ” ಎಂದು ಮಗಳಿಗೆ ಹೇಳಿ ಹ್ಯಾಂಡಲ್ ಹೊಡೆಯುತ್ತಾನೆ. ಬೇಸಿಗೆಯ ಮಡು ಎರಡು ಪಂಪುಗಳಿಗೆ ಎಷ್ಟು ಹೊತ್ತು ತಾಳೀತು? ಮಧ್ಯಾಹ್ನ ನೀವು ಬರುವಷ್ಟರಲ್ಲಿ ಮಡು ಬತ್ತಿ, ಮೋಟರ್ ಗಾಳಿ ಎಳೆದು ಸುಟ್ಟು, ಹೂವಿಗೆ ಬಂದ ಬದನೆಯ ಅರ್ಧ ಹೊಲ ನೀರು ಕಾಣದೆ ಬಾಡಿ ನಿಂತಿರುತ್ತದೆ. ಆಚೆ ಮುತ್ತ್ಯಾನ ಕಾಲುವೆಯಲ್ಲಿ ನೀರಿರುತ್ತದೆ.

ಆಗ ನೀವು ಹಳ್ಳದ ದಂಡೆಯ ಮೇಲೆ ಹತ್ತು ಜನರೆದುರು ಆ ಮಾತು ಅನ್ನುತ್ತೀರಿ. ಮುತ್ತ್ಯಾ ಸಲಿಕೆ ಹೆಗಲಿಗೇರಿಸಿ ಮನೆಗೆ ನಡೆಯುತ್ತಾನೆ. ಅಕ್ಕ ಅಂದುಕೊಂಡವಳ ಬಾಯಿಂದ ಅದನ್ನು ಕೇಳಿದ ಮೇಲೆ ಏನು ಹೇಳಿದರೂ ಅಷ್ಟೇ ಎಂದು ಮಗಳ ಮುಂದೆ ಅಂದನಂತೆ. ಅವನು ಸತ್ಯ ಹೇಳಿದ್ದು ಆ ಮಗಳೊಬ್ಬಳಿಗೆ. ಅವಳಿಂದ ಬಾಯಿಂದ ಬಾಯಿಗೆ ನನ್ನ ತನಕ ಬಂದಿದೆ. ಹೊರಗೆ ಹೇಳಿದರೆ ಯಾರು ನಂಬುತ್ತಾರೆ? ಕಳ್ಳರ ಮನೆಯ ಕತೆ ಎನ್ನುತ್ತಾರೆ. ಆಮೇಲೆ ಮುತ್ತ್ಯಾ ಬದು ದಾಟಲಿಲ್ಲ. ನೀವೂ ದಾಟಲಿಲ್ಲ.

ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುತ್ತಿದ್ದೇನೆಂದರೆ, ನನ್ನ ಮೊಮ್ಮಗಳು ಪಾರಿಜಾ. ಅವಳ ಕಿವಿಯಂಥ ಕಿವಿ ಈ ದಂಡೆಯಲ್ಲಿಲ್ಲ. ಯಾವ ಹೊಲದ ಮೋಟರಿಗೆ ನೀರು ಕಮ್ಮಿಯಾಗಿದೆ ಎಂದು ಅಂಗಳದಲ್ಲಿ ಕೂತು ಹೇಳುತ್ತಾಳೆ. ಹೋದ ತಿಂಗಳು ಕೀಲಿಯ ಕೆಲಸಕ್ಕೆ ಅವಳ ಹೆಸರು ಬಂತು. ಸಭೆಯಲ್ಲಿ ಅವಳ ಪೂರ್ತಿ ಹೆಸರು ಓದಿದರು. ಹಿಂದಿನಿಂದ ಯಾರೋ, “ನೀರಗಳ್ಳರ ಕೈಯಾಗ ನೀರಿನ ಕೀಲಿ! ಭೇಷ್ ಆತು ಬಿಡ್ರಿ!” ಎಂದರು. ಸಭೆಗೆ ಸಭೆಯೇ ನಕ್ಕಿತು. ಅವಳೂ ನಕ್ಕಳು. ಮನೆಗೆ ಬಂದು ಎರಡು ದಿನ ಉಣ್ಣಲಿಲ್ಲ, ಮೂರನೇ ದಿನ ತನಗೆ ಆ ಕೆಲಸ ಬೇಡವೆಂದು ಬರೆದುಕೊಟ್ಟಳು. ನಾನು ಎಪ್ಪತ್ತು ವರ್ಷ ಆ ಹೆಸರಿನಲ್ಲಿ ಸಹಿ ಹಾಕಿ ಹಾಕಿ ಮೊಂಡಾಗಿದ್ದೇನೆ. ಆ ಹುಡುಗಿಯ ಮುಖ ನೋಡಿದ ಮೇಲೆ ಮಾತ್ರ ನನ್ನ ಓಲೆ ಯಾರಿಗೆಂದು ಗೊತ್ತುಮಾಡಿಕೊಂಡೆ. ಚಂಪಕ್ಕನೂ ಆಮೇಲೆ ಕಾಗದವನ್ನು ತಾನೇ ತಂದುಕೊಟ್ಟಳು.

ಮೋಟರನ್ನು ಉಳಿಸಿಕೊಳ್ಳುವುದಾದರೆ ಉಳಿಸಿಕೊಳ್ಳಿ, ಅದು ನನ್ನ ಚಿಂತೆಯಲ್ಲ. ಸುಟ್ಟರೆ ಪೇಟೆಯಲ್ಲಿ ರಿವೈಂಡಿಂಗ್ ಮಾಡಿಕೊಡುತ್ತಾರೆ, ನಾಲ್ಕು ದಿನದ ಕೆಲಸ. ಈ ಕಾಗದವನ್ನು ನೀವು ನಂಬದೆ ಒಲೆಗೆ ಹಾಕಬಹುದು, ಒಂಬತ್ತನೇ ದಿನ ಎಲ್ಲ ಮರೆತೂ ಹೋಗಬಹುದು. ನಾನು ಬೇಡುವುದು ಒಂದೇ. ಆ ಮಧ್ಯಾಹ್ನ ನೀವು ಸಿಟ್ಟಿನಿಂದ ಬದು ದಾಟಿ ಬರುತ್ತೀರಿ. ಮುತ್ತ್ಯಾ ಕೆಸರುಗಾಲಲ್ಲಿ ನಿಮ್ಮ ಕಡೆ ನೋಡುತ್ತಾ ನಿಂತಿರುತ್ತಾನೆ. ಬಾಯಿಗೆ ಬಂದದ್ದನ್ನು ಅನ್ನುವ ಮೊದಲು, ಅಪ್ಪಾಸಾಬ, ನನ್ನ ಮೋಟರ್ ನಿನಗ ಕೇಳಿಸಿತ್ತೇನೋ ತಮ್ಮಾ ಎಂದು ಒಂದು ಸಲ ಕೇಳಿಬಿಡಿ.

ಇಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುವವನಲ್ಲ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇಂತಿ,
ಭರಮಪ್ಪ