ನಿಮ್ಮ ಕೋಣೆ

ರೀ,

ಈ ಹೊಸ ದೇಶದ ಶಾಲೆಯವರು ಎರಡು ಮನೆ ತೋರಿಸಿದರು. ಒಂದು ಶಾಲೆಯ ಹಿಂದೆಯೇ ಇದೆ, ಒಂದೇ ಕೋಣೆ, ನಡೆದರೆ ಆರು ನಿಮಿಷ. ಇನ್ನೊಂದರಲ್ಲಿ ಎರಡು ಕೋಣೆ, ಆದರೆ ಎರಡು ಬಸ್ಸು ಬದಲಿಸಬೇಕು. ಹೋಗಲು ಒಂದು ಗಂಟೆ, ಬರಲು ಒಂದೂಕಾಲು.

ಹಿಂದಿನ ಎರಡು ದೇಶಗಳಲ್ಲೂ ನೀವು "ಈ ವರ್ಷ ಬಂದೇ ಬರ್ತೀನಿ, ದೊಡ್ಡ ಮನೇನೇ ಹಿಡಿ" ಎಂದಿರಿ. ಹಿಡಿದೆ. ಏಳು ವರ್ಷ ಬಸ್ಸಿನಲ್ಲಿ ನಿಂತೇ ಉತ್ತರಪತ್ರಿಕೆ ತಿದ್ದಿದೆ. ನಿಮ್ಮ ಮಂಚದ ಮೇಲೆ ಇಸ್ತ್ರಿಯಾಗದ ಬಟ್ಟೆ ಮಲಗಿತ್ತು.

ಮನೆ ನೋಡಲು ಜೊತೆಗೆ ಬಂದಿದ್ದ ಗಣಿತದ ಮೇಷ್ಟ್ರು ನಮ್ಮ ಭಾಷೆಯವರೇ. ಕಥೆಯೆಲ್ಲ ಕೇಳಿ, "ಅಲ್ಲ ಟೀಚರೇ, ಕೂಸು ಹುಟ್ಟೋಕೆ ಮುಂಚೇನೇ ಕುಲಾವಿ ಹೊಲಿಸ್ತಾ ಬಂದಿದ್ದೀರಲ್ಲ!" ಎಂದರು.

"ಎರಡು ಕುಲಾವಿ ಆಯ್ತು ಮೇಷ್ಟ್ರೇ, ಇನ್ನು ಸಾಕು" ಎಂದೆ. ಅವರು ನಕ್ಕರು. ನಾನೂ ನಕ್ಕೆ.

ಮೊಣಕಾಲು ಈಗ ನನ್ನ ಮಾತು ಕೇಳುತ್ತಿಲ್ಲ. ಆರು ನಿಮಿಷದ ಮನೆಗೆ ಸಹಿ ಹಾಕಿದ್ದೇನೆ. ಕೋಪವಿಲ್ಲ, ಸುಸ್ತು ಅಷ್ಟೇ.

ಬರುವುದಾದರೆ ಬನ್ನಿ, ಇದ್ದುದರಲ್ಲೇ ಹೊಂದಿಸಿಕೊಳ್ಳೋಣ. ಆದರೆ ಟಿಕೆಟ್ ಕೈಗೆ ಬಂದ ಮೇಲೆ ತಿಳಿಸಿ. ಬೀಗದ ಕೈ ಒಂದೇ ಕೊಟ್ಟಿದ್ದಾರೆ. ಇನ್ನೊಂದು ಮಾಡಿಸಲು ಅರ್ಧ ದಿನ ಸಾಕಂತೆ, ವಿಚಾರಿಸಿದ್ದೇನೆ.

ಇತಿ,
ನಿಮ್ಮ ಟೀಚರಮ್ಮ